ರೋಗಿಯ ಕಡತ, ನಕಲಿನ ಖರ್ಚು

ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಹೆಸರಿನಲ್ಲಿ ಬೆಳೆಯುವ ಕಡತಕ್ಕೆ ಇಬ್ಬರು ಹಕ್ಕುದಾರರು. ಕಾಗದ, ಎಕ್ಸ್‌ರೇ ಫಿಲ್ಮು, ಕಂಪ್ಯೂಟರು ಆಸ್ಪತ್ರೆಯ ಸೊತ್ತು. ಅವುಗಳಲ್ಲಿ ದಾಖಲಾಗಿರುವುದು ಮಾತ್ರ ರೋಗಿಯ ದೇಹದ ಸಮಾಚಾರ. ಅದನ್ನು ನೋಡುವ, ಅದರ ನಕಲು ಪಡೆಯುವ ಹಕ್ಕು ರೋಗಿಗಿದೆ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಿಂದ ಬಂದ ಒಂದು ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟು 1992ರಲ್ಲಿ ಹೀಗೆಯೇ ತೀರ್ಪಿತ್ತಿತು. ವೈದ್ಯರು ತಾವು ಬರೆದದ್ದನ್ನಷ್ಟೇ ಕೊಟ್ಟರೆ ಸಾಲದು, ಬೇರೆ ವೈದ್ಯರಿಂದ ಬಂದು ಚಿಕಿತ್ಸೆಗೆ ಬಳಕೆಯಾದ ವರದಿಗಳನ್ನೂ ರೋಗಿಗೆ ಕೊಡಬೇಕು ಎಂದು ಅದು ಹೇಳಿತು. ಹಲವು ದೇಶಗಳ ಕಾನೂನು ಇಂದು ಈ ಹಕ್ಕನ್ನು ಒಪ್ಪಿದೆ. ತಕರಾರು ಉಳಿದಿರುವುದು ಅದರ ಮುಂದಿನ ಹೆಜ್ಜೆಯಲ್ಲಿ: ನಕಲು ಮಾಡಿಕೊಡುವ ಖರ್ಚನ್ನು ಯಾರು ಭರಿಸಬೇಕು, ಎಷ್ಟು ಭರಿಸಬೇಕು?

ಇದು ಚಿಲ್ಲರೆ ಕಾಸಿನ ಪ್ರಶ್ನೆಯೆಂದು ತೋರಬಹುದು. ಆದರೆ ಒಂದು ವಾರ ಆಸ್ಪತ್ರೆಯಲ್ಲಿದ್ದ ರೋಗಿಯ ಕಡತ ಎಷ್ಟು ದಪ್ಪ ಎಂಬುದನ್ನು ನೋಡಿದರೆ ಮಾತು ಬದಲಾಗುತ್ತದೆ. ದಾಖಲಾತಿ ನಮೂನೆ, ಒಪ್ಪಿಗೆ ಪತ್ರಗಳು, ವೈದ್ಯರ ದಿನದಿನದ ಟಿಪ್ಪಣಿ, ದಾದಿಯರು ಗಂಟೆಗಂಟೆಗೆ ಬರೆದ ಚಾರ್ಟು, ಔಷಧಿಯ ಪಟ್ಟಿ, ರಕ್ತ ಮೂತ್ರ ಪರೀಕ್ಷೆಗಳ ವರದಿ, ಅರಿವಳಿಕೆಯ ದಾಖಲೆ, ಶಸ್ತ್ರಚಿಕಿತ್ಸೆಯ ವಿವರ, ಕೊನೆಗೆ ಡಿಸ್ಚಾರ್ಜ್ ಸಮ್ಮರಿ. ಎಲ್ಲ ಸೇರಿ ನೂರಾರು ಪುಟ ಆಗುವುದು ಅಪರೂಪವಲ್ಲ. ಈ ನಕಲು ಬೇಕಾಗುವುದೂ ಸಾಮಾನ್ಯವಾಗಿ ಕೈ ಬಿಗಿಯಾಗಿರುವ ಹೊತ್ತಿನಲ್ಲೇ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು, ಊರು ಬದಲಿಸಿದಾಗ ಹೊಸ ಡಾಕ್ಟರಿಗೆ ತೋರಿಸಲು, ವಿಮೆಯ ಹಣಕ್ಕೆ, ಅಂಗವಿಕಲರ ಪಿಂಚಣಿಗೆ, ಚಿಕಿತ್ಸೆಯಲ್ಲಿ ತಪ್ಪಾಗಿದೆಯೇ ಎಂದು ತಿಳಿಯಲು ಜನ ಕಡತ ಕೇಳುತ್ತಾರೆ. ದರ ಹೆಚ್ಚಾದಷ್ಟೂ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಈ ದರಕ್ಕೆ ಕಡಿವಾಣ ಹಾಕುವ ಪ್ರಯತ್ನ ಬಹು ದೀರ್ಘವಾಗಿ, ಬಹು ವಿವರವಾಗಿ ನಡೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿನ ಅನುಭವದಿಂದ ಒಂದು ವಿಷಯ ಖಚಿತವಾಗುತ್ತದೆ. ಪುಟಕ್ಕೆ ಇಷ್ಟು ಎಂದು ಗರಿಷ್ಠ ದರ ಗೊತ್ತುಮಾಡಿಬಿಟ್ಟರೆ ಮಿತಿ ಹಾಕಿದಂತಾಗುವುದಿಲ್ಲ. ಯಾವ ಕೆಲಸದ ಕೂಲಿಯನ್ನು ರೋಗಿಯಿಂದ ಪಡೆಯಬಹುದು, ಯಾವುದನ್ನು ಪಡೆಯಕೂಡದು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕಾಗುತ್ತದೆ.

ಮೊದಲಿಗೆ ದರ ಏರಿದ್ದು ಹೇಗೆ ಎಂಬುದನ್ನು ನೋಡಬೇಕು. ಅಮೆರಿಕದ ಅನೇಕ ಆಸ್ಪತ್ರೆಗಳು ಕಡತದ ನಕಲು ಮಾಡಿಕೊಡುವ ಕೆಲಸವನ್ನು ಹೊರಗಿನ ಕಂಪನಿಗಳಿಗೆ ವಹಿಸಿವೆ. ಅರ್ಜಿ ಪರಿಶೀಲಿಸುವುದು, ಕಡತ ಹುಡುಕುವುದು, ನಕಲು ತೆಗೆಯುವುದು, ಕಳಿಸುವುದು, ಬಿಲ್ಲು ಹಾಕುವುದು ಎಲ್ಲವೂ ಅವುಗಳದೇ. ಕಡತ ಕೇಳುವವರಲ್ಲಿ ರೋಗಿಗಳು ಒಂದು ಗುಂಪಷ್ಟೇ. ಬೇರೆ ಆಸ್ಪತ್ರೆಗಳು, ವಿಮಾ ಕಂಪನಿಗಳು, ಅಪಘಾತದ ಪರಿಹಾರ ಮೊಕದ್ದಮೆ ನಡೆಸುವ ವಕೀಲರು ಸಹ ಕೇಳುತ್ತಾರೆ. ಚಿಕಿತ್ಸೆ ಮುಂದುವರಿಸುವ ವೈದ್ಯರಿಗೆ ನಕಲನ್ನು ಸಾಮಾನ್ಯವಾಗಿ ಪುಕ್ಕಟೆಯಾಗಿ ಕಳಿಸುವ ವಾಡಿಕೆ ಇದೆ. ಹೀಗಾಗಿ ಕಂಪನಿಗಳ ಆದಾಯದ ಭಾರ ವಕೀಲರು, ವಿಮೆಯವರಂಥ ವಾಣಿಜ್ಯ ಅರ್ಜಿದಾರರ ಮೇಲೆ ಬೀಳುತ್ತದೆ. ರೋಗಿಯನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬುದೇ ಮುಂದೆ ದೊಡ್ಡ ಜಗಳವಾಯಿತು.

ಆರಂಭದಲ್ಲಿ ಈ ದರಕ್ಕೆ ಮಿತಿ ಹಾಕಿದ್ದು ರಾಜ್ಯಗಳು. ಕಾಗದದ ಕಾಲಕ್ಕೆ ಹೊಂದುವಂತೆ ಅವು ಪುಟದ ಲೆಕ್ಕ ಹಿಡಿದವು. ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಪುಟಕ್ಕೆ ಗರಿಷ್ಠ 75 ಸೆಂಟ್. ಕ್ಯಾಲಿಫೋರ್ನಿಯದಲ್ಲಿ ಕಾಗದದ ಪುಟಕ್ಕೆ 25 ಸೆಂಟ್, ಮೈಕ್ರೊಫಿಲ್ಮಿನ ನಕಲಿಗೆ 50 ಸೆಂಟ್. ಕೆಂಟಕಿ ರಾಜ್ಯದಲ್ಲಿ ಮೊದಲನೆಯ ಪ್ರತಿ ಉಚಿತ; ಎರಡನೆಯದು ಬೇಕಾದರೆ ಪುಟಕ್ಕೆ ಒಂದು ಡಾಲರ್ ತನಕ ಕೇಳಬಹುದು. 200 ಪುಟದ ಕಡತವನ್ನು ತೆಗೆದುಕೊಂಡರೆ ಪುಟದ ಲೆಕ್ಕದಲ್ಲಿ ನ್ಯೂಯಾರ್ಕಿನಲ್ಲಿ 150 ಡಾಲರ್, ಕ್ಯಾಲಿಫೋರ್ನಿಯದಲ್ಲಿ 50 ಡಾಲರ್, ಕೆಂಟಕಿಯಲ್ಲಿ ಮೊದಲ ಸಲಕ್ಕೆ ಸೊನ್ನೆ. ಒಂದೇ ದೇಶದಲ್ಲಿ, ಒಂದೇ ಗಾತ್ರದ ಕಡತಕ್ಕೆ ಇಷ್ಟು ವ್ಯತ್ಯಾಸ.

ಕೇಂದ್ರ ಸರ್ಕಾರ ಈ ವಿಷಯಕ್ಕೆ ಕೈಹಾಕಿದ್ದು 1996ರ ಆಗಸ್ಟಿನಲ್ಲಿ ಜಾರಿಗೆ ಬಂದ, ಹಿಪಾ ಎಂಬ ಹ್ರಸ್ವನಾಮದಿಂದ ಹೆಸರಾದ ಕಾಯ್ದೆಯ ಮೂಲಕ. ಆರೋಗ್ಯ ವಿಮೆಯನ್ನು ಒಂದು ಕೆಲಸದಿಂದ ಇನ್ನೊಂದಕ್ಕೆ ಕೊಂಡೊಯ್ಯುವ ಸೌಲಭ್ಯ ಅದರ ಒಂದು ಮೂಲ ಉದ್ದೇಶ. ಆ ಕಾಯ್ದೆಯ ಅಡಿಯಲ್ಲಿ ಆರೋಗ್ಯ ಇಲಾಖೆ 2000ದ ಡಿಸೆಂಬರಿನಲ್ಲಿ ಗೌಪ್ಯತಾ ನಿಯಮವನ್ನು ಪ್ರಕಟಿಸಿತು. ಬಹುತೇಕ ಆಸ್ಪತ್ರೆಗಳು, ವಿಮಾ ಸಂಸ್ಥೆಗಳು 2003ರ ಏಪ್ರಿಲ್ 14ರಿಂದ ಅದನ್ನು ಪಾಲಿಸಬೇಕಾಯಿತು. ರೋಗಿಯ ಗುಟ್ಟು ಹೊರಗೆ ಹೋಗಬಾರದೆಂಬ ನಿಯಮವಾಗಿ ಅದು ಪ್ರಸಿದ್ಧ. ಅದೇ ನಿಯಮದಲ್ಲಿ ರೋಗಿ ತನ್ನ ಕಡತವನ್ನು ತಾನು ನೋಡುವ, ನಕಲು ಪಡೆಯುವ ಹಕ್ಕೂ ಇದೆ. ಅರ್ಜಿ ಬಂದ 30 ದಿನಗಳೊಳಗೆ ಉತ್ತರ ಕೊಡಬೇಕು. ಲಿಖಿತ ಕಾರಣ ತಿಳಿಸಿ ಒಂದು ಸಲ ಮಾತ್ರ ಇನ್ನೂ 30 ದಿನ ಮುಂದೂಡಬಹುದು. ಮನೋಚಿಕಿತ್ಸಕರು ಪ್ರತ್ಯೇಕವಾಗಿ ಬರೆದಿಟ್ಟುಕೊಂಡ ಟಿಪ್ಪಣಿ, ಮೊಕದ್ದಮೆಗಾಗಿ ಸಿದ್ಧಪಡಿಸಿದ ಕಾಗದ ಮುಂತಾದ ಕೆಲವನ್ನು ಮಾತ್ರ ಈ ಹಕ್ಕಿನಿಂದ ಹೊರಗಿಡಲಾಗಿದೆ.

ಶುಲ್ಕದ ಬಗ್ಗೆ ನಿಯಮದ ಮಾತು ಚಿಕ್ಕದು: ಪಡೆಯುವ ಹಣ ನ್ಯಾಯಸಮ್ಮತವಾಗಿರಬೇಕು, ಆದ ಖರ್ಚನ್ನು ಆಧರಿಸಿರಬೇಕು. ಈ ಖರ್ಚಿನಲ್ಲಿ ನಾಲ್ಕು ಬಾಬ್ತುಗಳಷ್ಟೇ ಸೇರಬಹುದು. ನಕಲು ತೆಗೆಯುವ ಕೂಲಿ ಒಂದು. ಕಾಗದ, ಸಿ.ಡಿ., ಪೆನ್‌ಡ್ರೈವಿನಂಥ ಸಾಮಗ್ರಿ ಎರಡು. ಅಂಚೆಯಲ್ಲಿ ಕಳಿಸಲು ರೋಗಿ ಕೇಳಿದರೆ ಅಂಚೆವೆಚ್ಚ ಮೂರು. ರೋಗಿ ಮೊದಲೇ ಒಪ್ಪಿದ್ದರೆ ಕಡತದ ಸಾರಾಂಶ ಅಥವಾ ವಿವರಣೆ ಬರೆದುಕೊಡುವ ಖರ್ಚು ನಾಲ್ಕು. ಇದರಾಚೆ ಏನೂ ಇಲ್ಲ.

ಇಲ್ಲಿ ಎಲ್ಲವೂ ನಿಂತಿರುವುದು ನಕಲು ತೆಗೆಯುವ ಕೂಲಿ ಎಂಬ ಮಾತಿನ ಮೇಲೆ. ಇಲಾಖೆಯ ವ್ಯಾಖ್ಯಾನದ ಪ್ರಕಾರ, ಬೇಕಾದ ದಾಖಲೆಗಳು ಪತ್ತೆಯಾಗಿ, ಒಟ್ಟುಗೂಡಿ, ನಕಲಿಗೆ ಸಿದ್ಧವಾದ ಮೇಲೆ ಆ ಕೂಲಿಯ ಗಡಿಯಾರ ಶುರುವಾಗುತ್ತದೆ. ಕಾಗದವನ್ನು ಜೆರಾಕ್ಸ್ ಮಾಡುವುದು, ಸ್ಕ್ಯಾನ್ ಮಾಡುವುದು, ಕಂಪ್ಯೂಟರಿನ ದಾಖಲೆಯನ್ನು ರೋಗಿ ಕೇಳಿದ ರೂಪಕ್ಕೆ ತರುವುದು, ಸಿ.ಡಿ.ಗೆ ಹಾಕುವುದು, ಇ-ಮೇಲಿಗೆ ಏರಿಸುವುದು ಇದರಲ್ಲಿ ಸೇರುತ್ತವೆ. ಅದಕ್ಕೂ ಮುಂಚಿನ ಕೆಲಸ ಸೇರುವುದಿಲ್ಲ. ಅರ್ಜಿ ಓದುವುದು, ಕೇಳಿದವರು ನಿಜವಾಗಿ ಆ ರೋಗಿಯೇ ಎಂದು ಖಚಿತಪಡಿಸಿಕೊಳ್ಳುವುದು, ರೆಕಾರ್ಡ್ ರೂಮಿನಲ್ಲಿ ಕಡತ ಹುಡುಕುವುದು, ಕೊಡಬಾರದ ಹಾಳೆಗಳನ್ನು ಬೇರ್ಪಡಿಸುವುದು, ಕಂಪ್ಯೂಟರ್ ವ್ಯವಸ್ಥೆಯ ನಿರ್ವಹಣೆ, ಅದಕ್ಕೆ ಹಾಕಿದ ಬಂಡವಾಳ, ಇವು ಯಾವುದನ್ನೂ ರೋಗಿಯ ಬಿಲ್ಲಿಗೆ ಸೇರಿಸುವಂತಿಲ್ಲ. ಕಪಾಟಿನಿಂದ ಸಾಮಾನು ಇಳಿಸಿಕೊಟ್ಟದ್ದಕ್ಕೆ ಅಂಗಡಿಯವನು ಬೇರೆ ಕೂಲಿ ಕೇಳದಿರುವಂತೆ, ಕಡತ ಹುಡುಕುವುದು ಅದನ್ನು ಇಟ್ಟುಕೊಂಡವರ ಹೊಣೆ ಎಂಬುದು ಇದರ ಹಿಂದಿನ ನ್ಯಾಯ.

ರಾಜ್ಯದ ಕಾನೂನು ಹುಡುಕಾಟದ ಶುಲ್ಕಕ್ಕೆ ಅವಕಾಶ ಕೊಟ್ಟಿದ್ದರೂ ಕೇಂದ್ರದ ಈ ಮಿತಿಯೇ ಮೇಲು. ಆದರೆ ರಾಜ್ಯದ ದರ ಕೇಂದ್ರದ ಲೆಕ್ಕಕ್ಕಿಂತ ಕಡಿಮೆಯಿದ್ದರೆ, ಅಥವಾ ಕೆಂಟಕಿಯಂತೆ ಮೊದಲ ಪ್ರತಿ ಉಚಿತವೆಂದಿದ್ದರೆ, ಅಲ್ಲಿ ರಾಜ್ಯದ ನಿಯಮ ನಡೆಯುತ್ತದೆ. ಎರಡರಲ್ಲಿ ರೋಗಿಗೆ ಯಾವುದು ಹಗುರವೋ ಅದು ಊರ್ಜಿತ.

ಇನ್ನೆರಡು ತಡೆಗಳೂ ಇವೆ. ಚಿಕಿತ್ಸೆಯ ಬಿಲ್ಲು ಬಾಕಿಯಿದೆ ಎಂಬ ಕಾರಣಕ್ಕೆ ಕಡತದ ನಕಲನ್ನು ತಡೆಹಿಡಿಯುವಂತಿಲ್ಲ; ಬಾಕಿ ವಸೂಲಿಯ ದಾರಿ ಬೇರೆ, ಕಡತದ ಹಕ್ಕು ಬೇರೆ. ಹಾಗೆಯೇ, ರೋಗಿ ಬಂದು ಕಡತವನ್ನು ಓದಿಕೊಂಡು ಹೋಗುವುದಕ್ಕೆ ಶುಲ್ಕವಿಲ್ಲ. ಎದುರಿಗಿರುವ ಹಾಳೆಗಳನ್ನು ತನ್ನ ಸ್ವಂತ ಫೋನಿನಲ್ಲಿ ಫೋಟೊ ತೆಗೆದುಕೊಂಡರೂ ಆಸ್ಪತ್ರೆ ಕಾಸು ಕೇಳುವಂತಿಲ್ಲ.

ಈ ನಿಯಮ ಬರುವ ಹೊತ್ತಿಗೆ ಬಹುಪಾಲು ಕಡತ ಕಾಗದದಲ್ಲೇ ಇತ್ತು. 2009ರ ಫೆಬ್ರವರಿಯಲ್ಲಿ ಹೈಟೆಕ್ ಎಂಬ ಹೆಸರಿನ ಇನ್ನೊಂದು ಕಾಯ್ದೆ ಬಂತು. ಆಸ್ಪತ್ರೆಗಳು ಕಂಪ್ಯೂಟರ್ ಕಡತಕ್ಕೆ ಬದಲಾಗಲು ಅದು ಸರ್ಕಾರದ ಹಣದ ಪ್ರೋತ್ಸಾಹ ಕೊಟ್ಟಿತು. ಜೊತೆಗೆ, ಕಂಪ್ಯೂಟರಿನಲ್ಲಿರುವ ದಾಖಲೆಯನ್ನು ಅದೇ ರೂಪದಲ್ಲಿ ಪಡೆಯುವ ಹಕ್ಕನ್ನೂ, ತಾನು ಹೇಳಿದ ಮೂರನೆಯವರಿಗೆ ನೇರವಾಗಿ ಕಳಿಸಲು ಸೂಚಿಸುವ ಹಕ್ಕನ್ನೂ ರೋಗಿಗೆ ಕೊಟ್ಟಿತು. ಇಂಥ ನಕಲಿಗೆ ಪಡೆಯುವ ಶುಲ್ಕ ಅದಕ್ಕೆ ತಗಲಿದ ಕೂಲಿಯನ್ನು ಮೀರಬಾರದು ಎಂದು ಬರೆಯಿತು. 2013ರ ಜನವರಿಯಲ್ಲಿ ಪ್ರಕಟವಾದ ಪರಿಷ್ಕೃತ ನಿಯಮ ಇದನ್ನು ವಿಸ್ತರಿಸಿ, ಕಾಗದದ ಕಡತಕ್ಕೂ ಮೂರನೆಯವರಿಗೆ ಕಳಿಸುವ ಸೌಲಭ್ಯವನ್ನು ಅನ್ವಯಿಸಿತು.

ಕಂಪ್ಯೂಟರಿನ ಕಾಲದಲ್ಲಿ ಪುಟದ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಎಂಟು ಪುಟದ ಫೈಲನ್ನು ಇ-ಮೇಲಿಗೆ ಸೇರಿಸಲು ತಗಲುವ ಸಮಯಕ್ಕೂ ಎಂಟುನೂರು ಪುಟದ ಫೈಲಿಗೆ ತಗಲುವ ಸಮಯಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೂ ಪುಟಕ್ಕೆ ಇಷ್ಟು ಎಂಬ ಹಳೆಯ ದರಪಟ್ಟಿ ಹಿಡಿದು ಬಿಲ್ಲು ಮಾಡುವುದು ನಿಲ್ಲಲಿಲ್ಲ. ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಈ ನಿಯಮಗಳ ಜಾರಿಯನ್ನು ನೋಡಿಕೊಳ್ಳುತ್ತದೆ. 2016ರ ಆರಂಭದಲ್ಲಿ ಅದು ಪ್ರಶ್ನೋತ್ತರ ರೂಪದ ಮಾರ್ಗದರ್ಶಿಯನ್ನು ಹೊರಡಿಸಿತು. ಶುಲ್ಕ ಲೆಕ್ಕ ಹಾಕಲು ಮೂರು ದಾರಿಗಳನ್ನು ಅದು ತೋರಿಸಿತು.

ಮೊದಲನೆಯದು, ಪ್ರತಿ ಅರ್ಜಿಗೂ ನಿಜವಾಗಿ ಆದ ಖರ್ಚನ್ನು ಲೆಕ್ಕ ಹಾಕುವುದು. ಸಿಬ್ಬಂದಿ ಎಷ್ಟು ನಿಮಿಷ ನಕಲಿಗೆ ಕೂತರು, ಅವರ ಗಂಟೆಯ ಸಂಬಳ ಎಷ್ಟು ಎಂದು ಗುಣಿಸಿ, ಸಾಮಗ್ರಿ ಮತ್ತು ಅಂಚೆವೆಚ್ಚ ಕೂಡಿಸಬೇಕು. ಗಂಟೆಗೆ 20 ಡಾಲರ್ ಸಂಬಳದ ಗುಮಾಸ್ತೆ ಕಂಪ್ಯೂಟರಿನ ಕಡತವನ್ನು ಸಿ.ಡಿ.ಗೆ ಹಾಕಲು 15 ನಿಮಿಷ ತೆಗೆದುಕೊಂಡರೆಂದು ಇಟ್ಟುಕೊಂಡರೆ ಕೂಲಿ 5 ಡಾಲರ್. ಅದರ ಮೇಲೆ ಸಿ.ಡಿ.ಯ ಬೆಲೆ, ಬೇಕಿದ್ದರೆ ಅಂಚೆವೆಚ್ಚ. ಅದೇ ಕಡತ 200 ಪುಟದ್ದಾಗಿದ್ದು, ಪುಟಕ್ಕೆ 75 ಸೆಂಟಿನಂತೆ ಬಿಲ್ಲಾದರೆ 150 ಡಾಲರ್ ಆಗುತ್ತಿತ್ತು. ಎರಡು ಲೆಕ್ಕಗಳ ನಡುವಿನ ಅಂತರ ಇಷ್ಟು.

ಎರಡನೆಯದು, ಸರಾಸರಿ ಕೂಲಿಯ ದರಪಟ್ಟಿ ಮಾಡಿಟ್ಟುಕೊಳ್ಳುವುದು. ಪುಟದ ದರ ಇಲ್ಲಿ ಸಲ್ಲುವುದು ಮೂಲ ಕಡತ ಕಾಗದದಲ್ಲಿದ್ದು, ಅದನ್ನು ಜೆರಾಕ್ಸ್ ಇಲ್ಲವೇ ಸ್ಕ್ಯಾನ್ ಮಾಡಬೇಕಾದಾಗ ಮಾತ್ರ. ಕಂಪ್ಯೂಟರಿನಲ್ಲಿರುವುದನ್ನು ಕಂಪ್ಯೂಟರ್ ರೂಪದಲ್ಲೇ ಕೊಡುವಾಗ ಪುಟ ಎಣಿಸಿ ದುಡ್ಡು ಕೇಳುವಂತಿಲ್ಲ.

ಮೂರನೆಯದು, ಯಾವ ಲೆಕ್ಕದ ತಲೆನೋವೂ ಬೇಡವೆನ್ನುವವರಿಗೆ. ಕಂಪ್ಯೂಟರಿನಲ್ಲಿರುವ ಕಡತದ ಇಲೆಕ್ಟ್ರಾನಿಕ್ ಪ್ರತಿಗೆ ಕೂಲಿ, ಸಾಮಗ್ರಿ, ಅಂಚೆ ಎಲ್ಲ ಸೇರಿಸಿ 6 ಡಾಲರ್ 50 ಸೆಂಟ್ ಮೀರದಂತೆ ಒಂದೇ ಮೊತ್ತ ಪಡೆಯುವುದು. ಈ ಅಂಕಿಯನ್ನು ಹಲವರು ಎಲ್ಲ ನಕಲಿಗೂ ಅನ್ವಯಿಸುವ ಗರಿಷ್ಠ ದರವೆಂದು ತಿಳಿದರು. ಅದು ಹಾಗಲ್ಲ, ಮೂರು ದಾರಿಗಳಲ್ಲಿ ಒಂದು ಮಾತ್ರ ಎಂದು ಕಚೇರಿ ಅದೇ ವರ್ಷ ಸ್ಪಷ್ಟನೆ ಕೊಡಬೇಕಾಯಿತು. ಯಾವ ದಾರಿ ಹಿಡಿದರೂ ಅಂದಾಜು ಶುಲ್ಕವನ್ನು ರೋಗಿಗೆ ಮುಂಚಿತವಾಗಿ ತಿಳಿಸಬೇಕು. ಆಸ್ಪತ್ರೆಯ ಜಾಲತಾಣದ ಖಾತೆಯ ಮೂಲಕ ರೋಗಿ ತಾನೇ ದಾಖಲೆಯನ್ನು ನೋಡಿಕೊಂಡರೆ ಶುಲ್ಕದ ಪ್ರಶ್ನೆಯೇ ಇಲ್ಲ.

ನಿಯಮ ಇಷ್ಟು ವಿವರವಾಗಿದ್ದರೂ ಆಚರಣೆ ಹೇಗಿತ್ತು ಎಂಬುದನ್ನು 2018ರ ಎರಡು ಅಧ್ಯಯನಗಳು ತೋರಿಸಿದವು. ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಆ ವರ್ಷದ ಮೇ ತಿಂಗಳಲ್ಲಿ ನಾಲ್ಕು ರಾಜ್ಯಗಳ ಕಾನೂನುಗಳನ್ನು ನೋಡಿ ವರದಿ ಕೊಟ್ಟಿತು. ಒಂದೇ ಅರ್ಜಿಗೆ 500 ಡಾಲರಿಗೂ ಹೆಚ್ಚು ಶುಲ್ಕ ಕೇಳಿದ ಪ್ರಸಂಗಗಳು ಅದರಲ್ಲಿ ದಾಖಲಾದವು. ದರ ಕೇಳಿ ಅರ್ಜಿಯನ್ನೇ ಹಿಂತೆಗೆದುಕೊಂಡ ರೋಗಿಗಳ ಮಾತೂ ಅದರಲ್ಲಿದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ದೇಶದ ಹೆಸರಾಂತ 83 ಆಸ್ಪತ್ರೆಗಳ ಅರ್ಜಿ ನಮೂನೆಗಳನ್ನು ತರಿಸಿ ನೋಡಿದರು, ಅದೇ ಆಸ್ಪತ್ರೆಗಳಿಗೆ ಫೋನ್ ಮಾಡಿಯೂ ವಿಚಾರಿಸಿದರು. ನಮೂನೆಯಲ್ಲಿ ಬರೆದದ್ದೇ ಒಂದು, ಫೋನಿನಲ್ಲಿ ಹೇಳಿದ್ದೇ ಇನ್ನೊಂದು ಎಂಬಂತಿತ್ತು. ಕಂಪ್ಯೂಟರಿನಲ್ಲಿರುವ ಕಡತಕ್ಕೂ 6 ಡಾಲರ್ 50 ಸೆಂಟಿಗಿಂತ ಹೆಚ್ಚು ಹೇಳಿದ ಆಸ್ಪತ್ರೆಗಳು 48. 200 ಪುಟದ ಕಡತಕ್ಕೆ ಒಂದು ಆಸ್ಪತ್ರೆ ಹೇಳಿದ ದರ 541 ಡಾಲರ್ 50 ಸೆಂಟ್.

ಇದೇ ಹೊತ್ತಿಗೆ ನಕಲು ಕಂಪನಿಗಳ ಕಡೆಯಿಂದ ಪ್ರತಿರೋಧ ಎದ್ದಿತ್ತು. 2016ರ ಮಾರ್ಗದರ್ಶಿಯಲ್ಲಿ ಒಂದು ಸಾಲು ಅವರಿಗೆ ಬಿಸಿ ಮುಟ್ಟಿಸಿತ್ತು: ರೋಗಿಯ ಸೂಚನೆಯ ಮೇರೆಗೆ ಕಡತ ಮೂರನೆಯವರಿಗೆ ಹೋಗುವಾಗಲೂ ರೋಗಿಗೆ ಅನ್ವಯಿಸುವ ಕಡಿಮೆ ದರವೇ ಅನ್ವಯಿಸುತ್ತದೆ. ಇದನ್ನು ಕಂಡ ವಕೀಲರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕುವುದನ್ನು ಬಿಟ್ಟು, ಕಕ್ಷಿದಾರರಿಂದಲೇ ತಮ್ಮ ಕಚೇರಿಗೆ ಕಳಿಸಿ ಎಂಬ ಪತ್ರ ಬರೆಸತೊಡಗಿದರು. ನೂರಾರು ಡಾಲರ್ ತರುತ್ತಿದ್ದ ಅರ್ಜಿ ಆರೂವರೆ ಡಾಲರಿಗೆ ಇಳಿಯುವಂತಾಯಿತು. ದೇಶದ ದೊಡ್ಡ ನಕಲು ಕಂಪನಿಗಳಲ್ಲಿ ಒಂದಾದ ಸಯಾಕ್ಸ್ ಹೆಲ್ತ್ 2018ರ ಜನವರಿಯಲ್ಲಿ ಸರ್ಕಾರದ ವಿರುದ್ಧ ವಾಷಿಂಗ್ಟನ್ನಿನ ಕೇಂದ್ರ ನ್ಯಾಯಾಲಯಕ್ಕೆ ಹೋಯಿತು.

ನ್ಯಾಯಾಧೀಶ ಅಮಿತ್ ಮೆಹ್ತಾ 2020ರ ಜನವರಿ 23ರಂದು ತೀರ್ಪಿತ್ತರು. ಮೂರನೆಯವರಿಗೆ ಕಳಿಸುವ ಸೌಲಭ್ಯವನ್ನು 2009ರ ಕಾಯ್ದೆ ಕೊಟ್ಟದ್ದು ಇಲೆಕ್ಟ್ರಾನಿಕ್ ಆರೋಗ್ಯ ಕಡತಕ್ಕೆ ಮಾತ್ರ. ಅದನ್ನು ಎಲ್ಲ ಬಗೆಯ ಕಡತಕ್ಕೂ ವಿಸ್ತರಿಸಿದ 2013ರ ನಿಯಮ ಕಾಯ್ದೆಯನ್ನು ಮೀರಿದೆ ಎಂದು ಆ ಭಾಗವನ್ನು ರದ್ದುಮಾಡಿದರು. ಮೂರನೆಯವರಿಗೂ ರೋಗಿಯ ದರವೇ ಸಲ್ಲಬೇಕೆಂಬ 2016ರ ಮಾತನ್ನು, ಸಾರ್ವಜನಿಕರ ಅಭಿಪ್ರಾಯ ಕೇಳದೆ ಮಾಡಿದ ಹೊಸ ನಿಯಮವೆಂಬ ಕಾರಣಕ್ಕೆ ತಳ್ಳಿಹಾಕಿದರು. ಆದರೆ ರೋಗಿ ತನಗಾಗಿ ತಾನೇ ಕೇಳಿದ ನಕಲಿನ ಮಿತಿಗೆ ಈ ತೀರ್ಪಿನಿಂದ ಧಕ್ಕೆಯಾಗಲಿಲ್ಲ. ಹೀಗೆ ಈಗಿನ ಸ್ಥಿತಿಯಲ್ಲಿ ಒಂದೇ ಕಡತಕ್ಕೆ ಎರಡು ದರ ಸಾಧ್ಯ. ರೋಗಿ ತಾನು ಪಡೆದು ವಕೀಲರ ಕೈಗೆ ಕೊಟ್ಟರೆ ಕೇಂದ್ರದ ಮಿತಿ ಇದೆ; ವಕೀಲರು ರೋಗಿಯ ಒಪ್ಪಿಗೆ ಪತ್ರ ಇಟ್ಟು ತಾವೇ ತರಿಸಿಕೊಂಡರೆ ಆ ಮಿತಿ ಇಲ್ಲ, ಇರುವುದು ಆಯಾ ರಾಜ್ಯದ ದರ.

ಮಿತಿ ಇದ್ದರೂ ಅದನ್ನು ಮೀರಿದವರನ್ನು ಕೇಳುವವರು ಬೇಕು. ನಾಗರಿಕ ಹಕ್ಕುಗಳ ಕಚೇರಿ 2019ರಲ್ಲಿ ಕಡತದ ಹಕ್ಕಿಗೆ ಸಂಬಂಧಿಸಿದ ದೂರುಗಳಿಗಾಗಿಯೇ ವಿಶೇಷ ಕಾರ್ಯಾಚರಣೆ ಆರಂಭಿಸಿತು. ಮೊದಲ ಪ್ರಕರಣ ಫ್ಲಾರಿಡಾದ ಒಂದು ಆಸ್ಪತ್ರೆಯದು. ಹೊಟ್ಟೆಯಲ್ಲಿದ್ದ ಮಗುವಿನ ಹೃದಯಬಡಿತದ ದಾಖಲೆಯನ್ನು ತಾಯಿಯೊಬ್ಬರು ಕೇಳಿದ್ದರು. ಅದು ಕೈಸೇರಲು ಒಂಬತ್ತು ತಿಂಗಳಿಗೂ ಹೆಚ್ಚು ಹಿಡಿಯಿತು. ಆಸ್ಪತ್ರೆ 85,000 ಡಾಲರ್ ಕಟ್ಟಿ ರಾಜಿಯಾಯಿತು. ಅದೇ ವರ್ಷದ ಎರಡನೆಯ ಪ್ರಕರಣದಲ್ಲಿ ಅಷ್ಟೇ ಮೊತ್ತ ಕಟ್ಟಿದ ಇನ್ನೊಂದು ಸಂಸ್ಥೆಯ ಮೇಲೆ, ಕೇಳಿದ ರೂಪದಲ್ಲಿ ಕಡತ ಕೊಡದಿರುವುದರ ಜೊತೆಗೆ ನ್ಯಾಯವಾದ ಖರ್ಚಿಗಿಂತ ಹೆಚ್ಚು ಶುಲ್ಕ ಕೇಳಿದ ಆರೋಪವೂ ಇತ್ತು.

ಶುಲ್ಕವೇ ಮುಖ್ಯವಾದ ಪ್ರಕರಣವೊಂದು ಜಾರ್ಜಿಯ ರಾಜ್ಯದ ದಂತ ಚಿಕಿತ್ಸಾಲಯಗಳ ಗುಂಪಿನದು. ರೋಗಿಯೊಬ್ಬರು 2019ರ ನವೆಂಬರಿನಲ್ಲಿ ತಮ್ಮ ಕಡತ ಕೇಳಿದರು. ನಕಲಿಗೆ 170 ಡಾಲರ್ ಕೊಡಿ ಎಂಬ ಉತ್ತರ ಬಂತು. ಅವರು ಕೊಡಲೊಪ್ಪಲಿಲ್ಲ, ಕಡತವೂ ಬರಲಿಲ್ಲ. ಒಂದು ವರ್ಷದ ನಂತರ ಅವರು ಕಚೇರಿಗೆ ದೂರು ಕೊಟ್ಟರು. ನಕಲು ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. ಆ ಶುಲ್ಕ ಖರ್ಚಿನ ಲೆಕ್ಕಕ್ಕೆ ಹೊಂದುವುದಿಲ್ಲವೆಂದು ತನಿಖೆಯಲ್ಲಿ ಕಂಡುಬಂದು, 2022ರಲ್ಲಿ ಚಿಕಿತ್ಸಾಲಯ 80,000 ಡಾಲರ್ ತೆರಬೇಕಾಯಿತು. 2025ರ ವೇಳೆಗೆ ಈ ಕಾರ್ಯಾಚರಣೆಯ ಪ್ರಕರಣಗಳು ಐವತ್ತನ್ನು ದಾಟಿದ್ದವು. ಅವುಗಳಲ್ಲಿ ದೊಡ್ಡ ಆಸ್ಪತ್ರೆಗಳೂ ಇವೆ, ಒಬ್ಬರೇ ನಡೆಸುವ ಕ್ಲಿನಿಕ್ಕುಗಳೂ ಇವೆ.

ಮಿತಿಯನ್ನು ವಿರೋಧಿಸುವವರ ವಾದವನ್ನೂ ತೂಗಿ ನೋಡಬೇಕು. ಕಡತ ಹೊರಗೆ ಕೊಡುವುದು ಗುಂಡಿ ಒತ್ತುವಷ್ಟು ಸುಲಭವಲ್ಲ ಎಂದು ಅವರು ಹೇಳುತ್ತಾರೆ. ಒಂದೇ ಹೆಸರಿನ ಇಬ್ಬರು ರೋಗಿಗಳ ಹಾಳೆ ಅದಲುಬದಲಾಗದಂತೆ ನೋಡಬೇಕು. ಹಳೆಯ ಕಡತ ಕಾಗದದಲ್ಲಿ, ಹೊಸದು ಕಂಪ್ಯೂಟರಿನಲ್ಲಿ, ಸ್ಕ್ಯಾನ್ ಚಿತ್ರಗಳು ಇನ್ನೊಂದು ವ್ಯವಸ್ಥೆಯಲ್ಲಿ ಇರುತ್ತವೆ. ಎಲ್ಲವನ್ನೂ ಜೋಡಿಸಲು ಅನುಭವಿ ಸಿಬ್ಬಂದಿಯೇ ಬೇಕು. ಈ ಕೆಲಸಕ್ಕೆ ಖರ್ಚಿದೆ ಎಂಬುದರಲ್ಲಿ ಸುಳ್ಳಿಲ್ಲ. ಆ ಖರ್ಚನ್ನು ನಕಲು ಕೇಳಿದ ರೋಗಿಯ ತಲೆಗೆ ಕಟ್ಟಬೇಕೇ, ಆಸ್ಪತ್ರೆಯ ನಿತ್ಯದ ಆಡಳಿತ ಖರ್ಚಿನಲ್ಲಿ ಸೇರಿಸಬೇಕೇ ಎಂಬುದು ವಿವಾದ. ಅಮೆರಿಕದ ನಿಯಮ ಎರಡನೆಯದನ್ನು ಆರಿಸಿಕೊಂಡಿದೆ.

2016ರ ಡಿಸೆಂಬರಿನಲ್ಲಿ ಬಂದ ಕ್ಯೂರ್ಸ್ ಕಾಯ್ದೆ ಇನ್ನೊಂದು ದಿಕ್ಕಿನಿಂದ ಇದೇ ವಿಷಯವನ್ನು ಮುಟ್ಟಿತು. ಆರೋಗ್ಯ ಮಾಹಿತಿಯ ಹರಿವಿಗೆ ಅನಗತ್ಯ ಅಡ್ಡಿ ಮಾಡುವುದನ್ನೇ ಅದು ತಪ್ಪೆಂದು ಸಾರಿತು. ಇದರ ನಿಯಮಗಳು 2021ರ ಏಪ್ರಿಲ್ 5ರಿಂದ ಅನ್ವಯವಾದವು. ಯಾರ ಕೈಕೆಲಸವೂ ಬೇಡದೆ, ಜಾಲದ ಮೂಲಕ ರೋಗಿಗೆ ತಾನಾಗಿ ಸಿಗುವ ಮಾಹಿತಿಗೆ ಶುಲ್ಕ ಹಾಕುವುದನ್ನು ಈ ನಿಯಮಗಳು ಸಮರ್ಥಿಸುವುದಿಲ್ಲ. ಹೊಸ ದಾಖಲೆಗಳ ಮಟ್ಟಿಗೆ ಇದರಿಂದ ಶುಲ್ಕದ ಸಮಸ್ಯೆ ಬಹಳಷ್ಟು ಕರಗಿದೆ. ಹಳೆಯ ಕಾಗದ, ಫಿಲ್ಮು, ಜಾಲದ ಖಾತೆಯಲ್ಲಿ ಕಾಣಿಸದ ದಾದಿಯರ ಟಿಪ್ಪಣಿ, ಇಂಥವುಗಳ ಮಟ್ಟಿಗೆ ಹಾಗೆಯೇ ಉಳಿದಿದೆ.

ಯುರೋಪು ಹಿಡಿದ ದಾರಿ ಇದಕ್ಕಿಂತ ಸರಳ. ಬ್ರಿಟನ್ನಿನಲ್ಲಿ 1998ರ ಮಾಹಿತಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕಂಪ್ಯೂಟರಿನ ಆರೋಗ್ಯ ಕಡತಕ್ಕೆ ಗರಿಷ್ಠ 10 ಪೌಂಡ್, ಕಾಗದದ ಕಡತ ಸೇರಿದ್ದರೆ 50 ಪೌಂಡ್ ಪಡೆಯಬಹುದಿತ್ತು. 2018ರ ಮೇ 25ರಂದು ಯುರೋಪಿನ ಹೊಸ ಮಾಹಿತಿ ಸಂರಕ್ಷಣಾ ನಿಯಮ ಜಾರಿಯಾದಾಗ ಆ ಶುಲ್ಕ ಹೋಯಿತು. ತನ್ನ ಮಾಹಿತಿಯ ಮೊದಲ ಪ್ರತಿ ಈಗ ಉಚಿತ. ಬುಡವಿಲ್ಲದ ಅಥವಾ ಅತಿಯಾದ ಅರ್ಜಿಗಳಿಗೆ, ಹೆಚ್ಚುವರಿ ಪ್ರತಿಗಳಿಗೆ ಮಾತ್ರ ಶುಲ್ಕ ಕೇಳಬಹುದು.

ಆ ನಿಯಮ ಆಸ್ಪತ್ರೆಯ ಕಡತಕ್ಕೂ ಪೂರ್ತಿ ಸಲ್ಲುತ್ತದೆಯೇ ಎಂಬ ಪ್ರಶ್ನೆ ಜರ್ಮನಿಯಿಂದ ಎದ್ದಿತು. ಒಬ್ಬ ರೋಗಿ ತನ್ನ ದಂತವೈದ್ಯರ ಚಿಕಿತ್ಸೆಯಲ್ಲಿ ದೋಷವಿದೆಯೆಂಬ ಅನುಮಾನದಿಂದ ಕಡತದ ನಕಲು ಕೇಳಿದ್ದರು. ಜರ್ಮನಿಯ ನಾಗರಿಕ ಸಂಹಿತೆಯ ಪ್ರಕಾರ ನಕಲಿನ ಖರ್ಚು ರೋಗಿಯದು ಎಂದು ವೈದ್ಯರು ವಾದಿಸಿದರು. ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 2023ರ ಅಕ್ಟೋಬರ್ 26ರಂದು ತೀರ್ಪು ಬಂತು. ಮೊದಲ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು, ಯಾವ ಉದ್ದೇಶಕ್ಕೆ ಕೇಳುತ್ತಿರುವುದೆಂದು ರೋಗಿ ಹೇಳಬೇಕಾಗಿಲ್ಲ, ವೈದ್ಯರ ಹಣದ ಹಿತ ಕಾಯಲು ಮಾಡಿದ ದೇಶೀಯ ಕಾನೂನು ಈ ಹಕ್ಕಿಗೆ ಅಡ್ಡಬರಲಾರದು ಎಂದು ನ್ಯಾಯಾಲಯ ಹೇಳಿತು. ಮೊಕದ್ದಮೆ ಹೂಡಲೆಂದೇ ಕಡತ ಕೇಳಿದ್ದರೂ ಈ ಮಾತು ಬದಲಾಗುವುದಿಲ್ಲ. ಅಮೆರಿಕ ಖರ್ಚನ್ನು ಬಾಬ್ತುಗಳಾಗಿ ಬಿಡಿಸಿ ಮಿತಿ ಹಾಕಿದರೆ, ಯುರೋಪು ಮೊದಲ ಪ್ರತಿಯ ಮಟ್ಟಿಗೆ ಲೆಕ್ಕವನ್ನೇ ಕೈಬಿಟ್ಟಿತು.

ಭಾರತದಲ್ಲಿ ಹಕ್ಕು ಇದೆ, ಕಾಲಮಿತಿಯೂ ಇದೆ. ದರದ ಮಿತಿ ಮಾತ್ರ ಬಿಡಿಬಿಡಿಯಾಗಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನಡತೆಯ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿ, ಅವರು ಅಧಿಕಾರ ಕೊಟ್ಟ ಸಹಾಯಕರು ಅಥವಾ ನ್ಯಾಯಾಂಗದ ಅಧಿಕಾರಿಗಳು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಅಮೆರಿಕದ 30 ದಿನಗಳಿಗೆ ಹೋಲಿಸಿದರೆ ಈ ಗಡುವು ಬಹಳ ಬಿಗಿ. ಆದರೆ ಶುಲ್ಕ ಎಷ್ಟು ಪಡೆಯಬಹುದು ಎಂಬ ಬಗ್ಗೆ ಆ ಕಲಮಿನಲ್ಲಿ ಒಂದು ಮಾತೂ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಹೊರಡಿಸಿ ಗಡುವನ್ನು ಐದು ಕೆಲಸದ ದಿನಗಳಿಗೆ ಬದಲಿಸಿತ್ತು. ಅದೇ ತಿಂಗಳ 23ರಂದು ಇಡೀ ನಿಯಮಾವಳಿಯನ್ನು ತಡೆಹಿಡಿದು ಹಳೆಯದನ್ನೇ ಮುಂದುವರಿಸಿತು.

ಕಡತ ಗೌಪ್ಯವೆಂಬ ನೆಪವೊಡ್ಡಿ ಅದನ್ನು ರೋಗಿಯಿಂದಲೇ ಮುಚ್ಚಿಡುವಂತಿಲ್ಲ ಎಂದು ಬಾಂಬೆ ಹೈಕೋರ್ಟು 1996ರಲ್ಲೇ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಸ್ಪತ್ರೆಯಲ್ಲಿರುವಾಗ ಸಾಧ್ಯವಾದಷ್ಟು 24 ಗಂಟೆಯಲ್ಲಿ, ಬಿಡುಗಡೆಯಾದ ಮೇಲೆ 72 ಗಂಟೆಯಲ್ಲಿ ಕಡತದ ಪ್ರತಿ ಸಿಗಬೇಕು. ನಕಲಿನ ಸೂಕ್ತ ಶುಲ್ಕ ಪಡೆದು ಕೊಡಬಹುದು, ಇಲ್ಲವೇ ರೋಗಿ ತನ್ನ ಖರ್ಚಿನಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳಲು ಬಿಡಬಹುದು ಎಂದು ಅದು ಹೇಳಿದೆ. ಎರಡನೆಯ ದಾರಿ ಗಮನಾರ್ಹ. ಪೇಟೆಯ ಜೆರಾಕ್ಸ್ ಅಂಗಡಿಯ ದರವೇ ಆಗ ಅಳತೆಗೋಲಾಗುತ್ತದೆ. ಆದರೆ ಸೂಕ್ತ ಎಂದರೆ ಎಷ್ಟು ಎಂಬುದನ್ನು ಸನ್ನದು ಅಂಕಿಯಲ್ಲಿ ಹೇಳಿಲ್ಲ.

ಅಂಕಿ ಇರುವುದು ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ. ಅವು 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕೇಂದ್ರದ ನಿಯಮದಲ್ಲೂ ಕರ್ನಾಟಕದ ನಿಯಮದಲ್ಲೂ ಅರ್ಜಿ ಶುಲ್ಕ 10 ರೂಪಾಯಿ, ಎ-4 ಅಳತೆಯ ನಕಲಿಗೆ ಪುಟಕ್ಕೆ 2 ರೂಪಾಯಿ. 200 ಪುಟದ ಕಡತಕ್ಕೆ ಒಟ್ಟು 410 ರೂಪಾಯಿ. ಆದರೆ ಆ ಕಾಯ್ದೆಯ ಸಾಮಾನ್ಯ ಗಡುವು 30 ದಿನ. ವೈದ್ಯಕೀಯ ನಿಯಮಾವಳಿಯ 72 ಗಂಟೆಯ ವೇಗ ಅದಕ್ಕಿಲ್ಲ. ಖಾಸಗಿ ಆಸ್ಪತ್ರೆಯ ರೋಗಿಗೆ ಈ 2 ರೂಪಾಯಿ ದರ ನೇರವಾಗಿ ಅನ್ವಯಿಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯ ಸಾರಾಂಶ ಕೇಳುವ ಹಕ್ಕನ್ನು ಕೊಡುತ್ತದೆ. ಪೂರ್ಣ ಕಡತದ ನಕಲಿನ ದರವನ್ನು ಅದು ಗೊತ್ತುಮಾಡಿಲ್ಲ.

ಈ ಎಲ್ಲ ವ್ಯವಸ್ಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಪರಿಣಾಮಕಾರಿ ಮಿತಿಗೆ ಬೇಕಾದ ಅಂಗಗಳು ಕಾಣುತ್ತವೆ. ಹುಡುಕಾಟ, ಪರಿಶೀಲನೆಯ ಕೂಲಿ ರೋಗಿಯ ಬಿಲ್ಲಿಗೆ ಬರಬಾರದು. ಕಂಪ್ಯೂಟರಿನ ಕಡತಕ್ಕೆ ಪುಟದ ಲೆಕ್ಕ ಸಲ್ಲಬಾರದು. ಚಿಕಿತ್ಸೆಯ ಬಾಕಿಗೂ ಕಡತಕ್ಕೂ ಗಂಟು ಹಾಕಬಾರದು. ದರವನ್ನು ಮುಂಚಿತವಾಗಿ ತಿಳಿಸಬೇಕು. ರೋಗಿಯ ಅರ್ಜಿ ಯಾವುದು, ಮೂರನೆಯವರ ಅರ್ಜಿ ಯಾವುದು ಎಂಬುದು ಕಾನೂನಿನಲ್ಲೇ ಸ್ಪಷ್ಟವಿರಬೇಕು. ಕೊನೆಯದಾಗಿ, ಮೀರಿದವರನ್ನು ವಿಚಾರಿಸುವ, ದಂಡ ವಿಧಿಸುವ ಒಂದು ಕಚೇರಿ ಇರಬೇಕು. ಭಾರತದಲ್ಲಿ 72 ಗಂಟೆಯ ಗಡುವು ಆಗಲೇ ಇದೆ. ಅದರ ಪಕ್ಕದಲ್ಲಿ, ಖಾಸಗಿ ಆಸ್ಪತ್ರೆಗಳಿಗೂ ಅನ್ವಯಿಸುವ ಒಂದು ಖಚಿತ ದರವನ್ನು ಬರೆಯುವ ಕೆಲಸ ಬಾಕಿ ಇದೆ.